ಸುರಪುರದ ಹೊಲಿಗೆ

ಮದುವೆಯಾಗಿ ಗುರುಮಠಕಲ್‌ನಿಂದ ಯಾದಗಿರಿಗೆ ಬಂದಾಗ ನನ್ನ ಕನ್ನಡದಲ್ಲಿ ಅರ್ಧ ತೆಲುಗು ಬೆರೆತಿತ್ತು. ನಾನು ಬಾಯಿ ತೆರೆದರೆ ಅತ್ತೆಗೆ ನಗು. ಕೆಟ್ಟ ಮನಸ್ಸಿನ ನಗುವಲ್ಲ, ಆದರೂ ಕೇಳಿಸಿಕೊಳ್ಳುವವಳು ನಾನಲ್ಲವೇ. ಮೇಲಾಗಿ ನಾನು ಎಡಚಿ. ಬಲಗೈಯಲ್ಲಿ ಬಡಿಸಲು ಹೋಗಿ ಸಾರು ಚೆಲ್ಲುತ್ತಿದ್ದೆ, ಬಲಗೈಯಲ್ಲಿ ಬಡಿದ ರೊಟ್ಟಿಯ ಅಂಚು ಹರಿಯುತ್ತಿತ್ತು. ಆ ಮನೆಯಲ್ಲಿ ನನಗೊಂದು ಬೆಲೆ ಅಂತ ಬಂದದ್ದು ದಬ್ಬಣ ಹಿಡಿದ ಮೇಲೆ.

ಯಜಮಾನರದು ಸ್ಟೇಷನ್ ರಸ್ತೆಯಲ್ಲಿ ಕಾಗದದ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ, ನಡುವಿನ ಪಡಸಾಲೆಯಲ್ಲಿ ಗೆರೆ ಹೊಡೆಯುವ ಯಂತ್ರ. ರೈಲಿನಲ್ಲಿ ಬಂದ ದೊಡ್ಡ ಹಾಳೆಗಳನ್ನು ಅವರು ಯಂತ್ರದ ಹಿಡಿಕೆ ತಿರುಗಿಸುತ್ತ, ಸಾಲಾಗಿ ನಿಂತ ನಿಬ್ಬುಗಳ ಕೆಳಗೆ ಹಾಯಿಸಿ ನೀಲಿ ಗೆರೆ ಹಾಕುತ್ತಿದ್ದರು. ಎದುರಿಗೆ ನಾನು ಚಾಪೆ ಹಾಸಿಕೊಂಡು ಕೂಡುತ್ತಿದ್ದೆ. ಗೆರೆ ಒಣಗಿದ ಹಾಳೆಗಳನ್ನು ಮಡಿಚಿ, ಒಂದರೊಳಗೊಂದು ಕೂಡಿಸಿ, ಮಡಿಕೆಯ ಮೇಲೆ ದಬ್ಬಣದಿಂದ ತೂತು ಮಾಡಿ, ಮೇಣ ಸವರಿದ ದಾರದಿಂದ ಹೊಲಿದರೆ ಶಾಲೆಯ ಮಕ್ಕಳ ನೋಟುಬುಕ್ಕು ಸಿದ್ಧ. ರಟ್ಟು ಅಂಟಿಸಿ ಅಂಚು ಕತ್ತರಿಸುವುದಷ್ಟೇ ಬಾಕಿ. ಹೊಲಿಯುವಾಗ ನಾನು ಎಡಗೈ ಬಳಸಿದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ.

ಯಜಮಾನರು ಮಾತು ಕಡಿಮೆಯ ಮನುಷ್ಯ. ಊಟಕ್ಕೆ ಕೂತರೆ ತಟ್ಟೆ ನೋಡುತ್ತಿದ್ದರು, ತಾಯಿಯ ಎದುರಿಗೆ ನನ್ನ ಕಡೆ ತಿರುಗುತ್ತಲೂ ಇರಲಿಲ್ಲ. ಆದರೆ ಹಿಡಿಕೆ ತಿರುಗಿಸುವಾಗ ಅವರಿಗೆ ಮಾತು ಬರುತ್ತಿತ್ತು. ಹೈದರಾಬಾದಿನಲ್ಲಿ ಗೆರೆ ಹೊಡೆಯುವುದನ್ನು ಕಲಿಯುತ್ತಿದ್ದ ದಿನಗಳು, ಅಲ್ಲಿನ ಉಸ್ತಾದನ ಸಿಟ್ಟು, ಅವನ ಮನೆಯ ಪಾರಿವಾಳಗಳು, ಶಾಯಿ ತೆಳ್ಳಗಾದಾಗ ಅದಕ್ಕೆ ಏನು ಬೆರೆಸುತ್ತಿದ್ದರು ಎಂಬುದು. ಯಂತ್ರದ ಕಿರುಗುಟ್ಟುವಿಕೆಯಲ್ಲಿ ಅವರ ಮಾತು ಅಡುಗೆಮನೆಗೆ ಕೇಳಿಸುತ್ತಿರಲಿಲ್ಲ. ಹೊಸದಾಗಿ ಮದುವೆಯಾದವರಿಗೆ ಬೇಕಾದ ಏಕಾಂತ ನಮಗೆ ಸಿಕ್ಕಿದ್ದು ಆ ಹಾಳೆಗಳ ನಡುವೆ, ಹಾಡಹಗಲಿನಲ್ಲಿ.

ನಿಜಾಮನ ಆಳಿಕೆ ಹೋಗಿ ಆಗ ಬಹಳ ಕಾಲವಾಗಿರಲಿಲ್ಲ. ಉರ್ದು ಕಲಿಸುತ್ತಿದ್ದ ಊರುಗಳಲ್ಲೆಲ್ಲ ಕನ್ನಡ ಶಾಲೆಗಳು ತೆರೆಯುತ್ತಿದ್ದವು. ಉರ್ದು ಬರೆಯುವುದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ; ಹಾಗಾಗಿ ನೋಟುಬುಕ್ಕಿನ ಹೆಸರು ಬರೆಯುವ ಚೀಟಿ ರಟ್ಟಿನ ಆ ಬದಿಯಿಂದ ಈ ಬದಿಗೆ ಬಂತು. ಅಕ್ಷರ ತಿದ್ದುವ ಮಕ್ಕಳಿಗೆ ಜೋಡುಗೆರೆಯ ಕಾಪಿ ಬೇಕೆಂದು ಶಹಾಪುರ, ಸುರಪುರ, ಸಗರದ ಅಂಗಡಿಯವರು ಬಂದು ನಿಲ್ಲತೊಡಗಿದರು. ನಾನು ಬೆಳಗಿನಿಂದ ಸಂಜೆಯವರೆಗೆ ಹೊಲಿದರೂ ಹೊಲಿಯಬೇಕಾದದ್ದು ಮುಗಿಯುತ್ತಿರಲಿಲ್ಲ. ಆಗ ಯಜಮಾನರು ಒಂದು ತೀರ್ಮಾನಕ್ಕೆ ಬಂದರು. ಗೆರೆ ಹೊಡೆಯುವುದು ಯಾದಗಿರಿಯಲ್ಲೇ ಇರಲಿ. ಹೊಲಿಗೆಯನ್ನು ಹೊರಗೆ ಕೊಡೋಣ, ರಟ್ಟು ಹಾಕಿ ಅಂಚು ಕತ್ತರಿಸುವುದನ್ನೂ ಹೊರಗೆ ಕೊಡೋಣ. ಶಹಾಪುರದಲ್ಲಿ ಒಬ್ಬ ಹಿರಿಯ ಸಾಹೇಬರಿದ್ದರು, ಕಚೇರಿಗಳ ಉರ್ದು ದಫ್ತರಗಳಿಗೆ ರಟ್ಟು ಕಟ್ಟುತ್ತಿದ್ದವರು, ಈಗ ಕೆಲಸವಿಲ್ಲದೆ ಕೂತಿದ್ದರು. ರಟ್ಟಿನ ಕೆಲಸ ಅವರಿಗೆ ಹೋಯಿತು. ಹೊಲಿಗೆ ಸುರಪುರದ ಒಬ್ಬ ಹೆಣ್ಣುಮಗಳಿಗೆ ಹೋಯಿತು.

ಇದನ್ನು ಯಜಮಾನರು ನನಗೆ ಉಪಕಾರ ಮಾಡಿದಂತೆ ಹೇಳಿದರು. ಅತ್ತೆಗಂತೂ ಬಹಳ ಸಮಾಧಾನ. ಅವರು ನನ್ನನ್ನು ಕರೆದು ಹೇಳಿದರು.

"ಇನ್ನ ನೀ ದಬ್ಬಣ ಹಿಡಿಯೂದು ಬ್ಯಾಡ. ವ್ಯಾಪಾರ ಬೆಳದದ, ಮನಿ ಸೊಸಿ ಕೂಲಿಯವರಂಗ ಕುಂತ್ರ ಮಂದಿ ಏನಂದಾರು. ಆರಾಮ ಇರು."

ಆರಾಮ ಅಂದರೆ ಏನೆಂದು ನನಗೆ ವಾರದೊಳಗೆ ಗೊತ್ತಾಯಿತು. ಪಡಸಾಲೆಯಲ್ಲಿ ಯಂತ್ರದ ಸದ್ದು ಕೇಳುತ್ತಿತ್ತು, ಅಲ್ಲಿಗೆ ಹೋಗಿ ಕೂಡಲು ನನಗೆ ಕಾರಣವಿರಲಿಲ್ಲ. ಒಂದೆರಡು ಸಲ ಚಹಾ ಕೊಟ್ಟು ನಿಂತೆ. ಅವರು ಚಹಾ ಕುಡಿದು ಲೋಟ ಕೊಟ್ಟರು, ನಾನು ಲೋಟ ಹಿಡಿದು ಒಳಗೆ ಬಂದೆ.

ಸುರಪುರದಿಂದ ಮೊದಲ ಕಟ್ಟು ಬಸ್ಸಿನ ಮೇಲೆ ಬಂತು. ಹೊಲಿಗೆ ನೋಡದೆ ರಟ್ಟು ಹಾಕಿಸಬಾರದು, ರಟ್ಟು ಹಾಕಿದರೆ ತಪ್ಪು ಮುಚ್ಚಿಹೋಗುತ್ತದೆ ಎಂಬುದು ಯಜಮಾನರ ಹಟ. ಹಾಗಾಗಿ ಹೊಲಿದ ಕಟ್ಟುಗಳು ಶಹಾಪುರ ದಾಟಿ ನಮ್ಮ ಮನೆಗೆ ಬಂದು, ಅವರ ಕಣ್ಣಿಗೆ ಬಿದ್ದು, ಆಮೇಲೆ ಮತ್ತೆ ಶಹಾಪುರಕ್ಕೆ ಹೋಗಬೇಕಿತ್ತು. ಅವರು ಕಟ್ಟು ಬಿಚ್ಚಿ ಒಂದು ಪುಸ್ತಕ ತೆಗೆದು ಬಹಳ ಹೊತ್ತು ತಿರುಗಿಸಿ ನೋಡಿದರು. ಆಮೇಲೆ ನನ್ನನ್ನು ಕರೆದರು.

"ನಡುವ ತಗದು ನೋಡು. ಗಂಟ ಇಲ್ಲ."

ಹೌದು, ಇರಲಿಲ್ಲ. ನಾನು ಹೊಲಿಯುತ್ತಿದ್ದ ಪುಸ್ತಕಗಳಲ್ಲಿ ಗಂಟು ಒಳಗೆ, ನಡುಪುಟದ ಮಡಿಕೆಯಲ್ಲಿ ಬೀಳುತ್ತಿತ್ತು. ಈಕೆ ಹೊರಗಿನಿಂದ ಹೊಲಿಗೆ ಆರಂಭಿಸಿ ಗಂಟನ್ನು ಬೆನ್ನಿನ ಮೇಲೆ ತಂದಿದ್ದಳು. ರಟ್ಟು ಅಂಟಿಸಿದರೆ ಅದು ಕಾಣುವುದೇ ಇಲ್ಲ. ಬರೆಯುವ ಮಗುವಿನ ಪೆನ್ಸಿಲ್ ಎಲ್ಲೂ ತಡೆಯುವುದಿಲ್ಲ ಎಂದು ಯಜಮಾನರು ವಿವರಿಸಿದರು. ಅವರು ಅಷ್ಟು ಉದ್ದ ಮಾತಾಡಿ ಎಷ್ಟೋ ದಿನವಾಗಿತ್ತು. ನನಗೆ ಗಂಟು ಒಳಗೆ ಹಾಕಲು ಕಲಿಸಿದವರು ಅವರೇ ಎಂಬುದು ಅವರಿಗೆ ನೆನಪಿದ್ದಂತಿರಲಿಲ್ಲ. ನಾನು ಚೆನ್ನಾಗಿದೆ ಎಂದೆ. ಎಂದು ಒಳಗೆ ಹೋಗಿ ಒಲೆಯ ಮುಂದೆ ಕೂತೆ. ಎದೆಯೊಳಗೆ ಏನೋ ಮೆಣಸಿನಕಾಯಿ ಅರೆದಿಟ್ಟಂತೆ ಉರಿಯುತ್ತಿತ್ತು.

ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಸುರಪುರದ ಮಾತು ಹೆಚ್ಚಾಯಿತು. ಗೆರೆ ಹೊಡೆದ ಹಾಳೆ ಕೊಡಲು ಯಜಮಾನರು ತಾವೇ ಹೋಗುತ್ತಿದ್ದರು. ಬಂದ ಮೇಲೆ ತಾಯಿಯ ಎದುರಿಗೇ ವರದಿ ಒಪ್ಪಿಸುತ್ತಿದ್ದರು. ಆಕೆಯ ತಂದೆ ಹಿಂದೆ ಹಲಗೆಯ ಮೇಲೆ ಬಂಗಾರದ ಬಣ್ಣ ಹಚ್ಚಿ ದೇವರ ಚಿತ್ರ ಬರೆಯುತ್ತಿದ್ದರಂತೆ, ಈಗ ಕಣ್ಣು ಕಾಣುವುದಿಲ್ಲವಂತೆ. ಗಂಡ ತೀರಿಕೊಂಡ ಮೇಲೆ ಆಕೆ ತವರಿಗೆ ಬಂದಿದ್ದಾಳಂತೆ, ಇಬ್ಬರು ತಂಗಿಯರಿಗೂ ಕೆಲಸ ಕಲಿಸಿದ್ದಾಳಂತೆ. ಆಕೆ ದಾರಕ್ಕೆ ಮೇಣವನ್ನು ಬಿಸಿಲಲ್ಲಿ ಮೆತ್ತಗೆ ಮಾಡಿ ಸವರುತ್ತಾಳಂತೆ. ಈ 'ಅಂತೆ'ಗಳು ನನ್ನನ್ನು ಕೊಲ್ಲುತ್ತಿದ್ದವು. ಗಂಡನ ನಡತೆಯ ಬಗ್ಗೆ ನನಗೆ ಸಂಶಯವಿರಲಿಲ್ಲ; ಅವರು ಆ ಥರದವರಲ್ಲ, ಆಕೆಯ ಮುಖ ಹೇಗಿದೆ ಎಂದು ಕೇಳಿದರೆ ಹೇಳಲು ಅವರಿಗೆ ಬರುತ್ತಿರಲಿಲ್ಲ. ನನ್ನ ಸಂಕಟ ಬೇರೆ. ನನ್ನ ಎದುರು ಕೂತು ಹೇಳುತ್ತಿದ್ದ ಮಾತುಗಳನ್ನು ಈಗ ಅವರು ಆ ಮನೆಯ ಅಂಗಳದಲ್ಲಿ ನಿಂತು ಹೇಳುತ್ತಿದ್ದಾರೋ ಏನೋ. ಉಸ್ತಾದನ ಪಾರಿವಾಳಗಳ ಕಥೆ ಆಕೆಗೂ ಗೊತ್ತಾಯಿತೋ ಏನೋ.

ಒಂದು ಮಧ್ಯಾಹ್ನ ಅತ್ತೆ ಮಲಗಿದ್ದಾಗ ಪೆಟ್ಟಿಗೆಯಿಂದ ದಬ್ಬಣ ತೆಗೆದೆ. ಪಡಸಾಲೆಯಲ್ಲಿದ್ದ ಗೆರೆ ಹಾಳೆಗಳನ್ನು ಮಡಿಚಿ ಸುರಪುರದವಳ ಹಾಗೆ ಹೊರಗಿನಿಂದ ಹೊಲಿದು ನೋಡಿದೆ. ಮೊದಲಿನದು ಸಡಿಲಾಯಿತು. ಎರಡನೆಯದರಲ್ಲಿ ಗಂಟು ಉಬ್ಬಿತು. ಆಮೇಲೆ ಕೈಗೆ ಹತ್ತಿತು. ನಾನೂ ಬಿಸಿಲಲ್ಲಿ ಮೇಣ ಮೆತ್ತಗೆ ಮಾಡಿದೆ. ದಾರವನ್ನು ಎಳೆದು ಉಗುರಿನಿಂದ ಗಂಟು ಒತ್ತಿದರೆ ಅದು ಕಾಗದದೊಳಗೆ ಹೋಗಿ ಕೂತುಬಿಡುತ್ತಿತ್ತು. ಹೀಗೆ ಹೊಲಿದ ನಾಲ್ಕಾರು ಪುಸ್ತಕಗಳನ್ನು, ಮುಂದಿನ ಕಟ್ಟು ಬಂದ ದಿನ, ಯಜಮಾನರು ನೋಡುವ ಮೊದಲೇ ಸುರಪುರದ ಪುಸ್ತಕಗಳ ನಡುವೆ ಇಟ್ಟೆ. ಅವರು ಹುಡುಕಿ ಹಿಡಿಯುತ್ತಾರೆ, ನನ್ನನ್ನು ಕರೆದು ಕೇಳುತ್ತಾರೆ ಎಂಬ ಆಸೆ.

ಅವರು ಕರೆದರು. ಕೈಯಲ್ಲಿದ್ದದ್ದು ನನ್ನದೇ ಪುಸ್ತಕ.

"ನೋಡು, ಅಕಿ ಕೈ ದಿನದಿಂದ ದಿನಕ್ಕ ಸುಧಾರಿಸಾಕತ್ತದ. ಇಂಥಾದ್ದು ಹಿಂದ ಬಂದಿದ್ದಿಲ್ಲ."

ಅದನ್ನು ಬೇರೆ ತೆಗೆದಿಟ್ಟರು. ಎಲ್ಲವೂ ಹೀಗೇ ಬರಬೇಕೆಂದು ಹೇಳಲು ಸುರಪುರಕ್ಕೆ ಮಾದರಿಯಾಗಿ ಒಯ್ಯುತ್ತಾರಂತೆ. ಆಗಲೇ ಹೇಳಿಬಿಡಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿದೆ. ಅಷ್ಟು ಕಾಲ ಎದುರು ಕೂತು ನನ್ನ ಕೈ ನೋಡಿದವರು ಅದನ್ನು ಗುರುತಿಸಲಿಲ್ಲ, ಗುರುತಿಸದವರಿಗೆ ನಾನಾಗಿ ಯಾಕೆ ಹೇಳಲಿ ಎಂಬ ಸೆಟೆತ. ನನ್ನ ಕೆಲಸಕ್ಕೆ ಸಿಕ್ಕ ಹೊಗಳಿಕೆ ಆಕೆಯ ಪಾಲಿಗೆ ಹೋಯಿತಲ್ಲ ಎಂದು ಅವತ್ತಿನಿಂದ ಆಕೆಯ ಮೇಲೆ ಇನ್ನೂ ಸಿಟ್ಟು ಬಂತು. ಆಕೆಯದೇನು ತಪ್ಪು ಎಂದು ಕೇಳಿಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಆ ಮಳೆಗಾಲ ಯಜಮಾನರಿಗೆ ಚಳಿಜ್ವರ ಬಂತು. ಶಾಲೆ ತೆರೆಯುವ ಕಾಲ. ಮೇಲಿನ ತರಗತಿಗೆ ಪುಸ್ತಕ ಇನ್ನಷ್ಟು ದಪ್ಪ ಬೇಕೆಂದು ಅಂಗಡಿಯವರು ಹೇಳಿ ಹೋಗಿದ್ದರು. ಹಾಳೆ ಎಷ್ಟು ಕೂಡಿಸಬೇಕು, ತೂತು ಎಲ್ಲಿ ಹಾಕಬೇಕು ಎಂಬುದನ್ನು ಸುರಪುರಕ್ಕೆ ಯಾರಾದರೂ ಹೋಗಿ ತೋರಿಸಬೇಕಿತ್ತು. ನಾನು ಹೋಗುತ್ತೇನೆಂದೆ. ಅತ್ತೆ ನನ್ನ ಮುಖ ನೋಡಿ, ಒಬ್ಬಳೇ ಬೇಡ, ತಾವೂ ಬರುವುದಾಗಿ ಹೇಳಿದರು. ಪಕ್ಕದ ಮನೆಯವರಿಗೆ ಯಜಮಾನರನ್ನು ನೋಡಿಕೊಳ್ಳಲು ಹೇಳಿ, ಹಾಳೆಯ ಕಟ್ಟುಗಳನ್ನು ಬಸ್ಸಿನ ಮೇಲೆ ಹಾಕಿಸಿ ಹೊರಟೆವು. ದೋರನಹಳ್ಳಿ ಬಂದಾಗ ಅತ್ತೆ ಕಿಟಕಿಯಿಂದ ತಮ್ಮ ತವರುಮನೆಯ ಮಾಳಿಗೆ ತೋರಿಸಿದರು. ಶಹಾಪುರದಲ್ಲಿ ಬಸ್ಸು ಬದಲಿಸಿದೆವು. ದಾರಿಯುದ್ದಕ್ಕೂ ನಾನು ಆಕೆಯ ಮುಖವನ್ನು ಕಲ್ಪಿಸಿಕೊಂಡದ್ದೇ ಕೆಲಸ.

ಮನೆ ಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಒಳಗೆ ಕಾಲಿಟ್ಟರೆ ನೆಲದ ತುಂಬ ನಮ್ಮ ಹಾಳೆಗಳು. ಮೂವರು ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಎದುರಾಗಿ ಕೂತು ಏನೋ ಹೇಳಿಕೊಂಡು ನಗುತ್ತ ಹೊಲಿಯುತ್ತಿದ್ದರು. ನಮ್ಮನ್ನು ಕಂಡು ನಗು ನಿಂತಿತು. ಹಿರಿಯಳು ಎದ್ದಳು. ನನ್ನದೇ ವಯಸ್ಸು. ಕಪ್ಪು ಬಣ್ಣ, ಎತ್ತರದ ಮೈಕಟ್ಟು, ಬರಿ ಹಣೆ. ಕಂಬಳಿ ಹಾಸಿ ನಮ್ಮನ್ನು ಕೂಡಿಸಿದಳು. ಸಾಹುಕಾರರ ಮನೆಯವರು ಎಂದು ತಂಗಿಯರಿಗೆ ಹೇಳಿದಳು. ನಾನು ನೆಲದ ಮೇಲಿದ್ದ ಹಾಳೆ ಮುಟ್ಟಲು ಹೋದರೆ, ನೀವ್ಯಾಕ್ರಿ, ನಾವು ಮಾಡ್ತೀವಿ ಎಂದು ಸರಿಸಿಕೊಂಡಳು. ನನ್ನ ಜಾಗದಲ್ಲಿ ಕೂತವಳು ನನಗೆ ಕಂಬಳಿ ಹಾಸಿ ಕೂಡಿಸಿದಳಲ್ಲ ಎಂದು ನನಗೆ ಅನ್ನಿಸಿತು.

ಹೊಸ ಅಳತೆ ಹೇಳಿಯಾಯಿತು. ಆಕೆ ಒಂದೇ ಸಲಕ್ಕೆ ತಿಳಿದುಕೊಂಡಳು. ಬೆಲ್ಲ, ನೀರು ಬಂತು. ಹೊರಡುವ ಮಾತು ತೆಗೆದಾಗ ಆಕೆ ಗೂಡಿನಿಂದ ಒಂದು ಪುಸ್ತಕ ತಂದು ನನ್ನ ಮುಂದೆ ಇಟ್ಟಳು. ಯಜಮಾನರು ಮಾದರಿಯಾಗಿ ಒಯ್ದದ್ದು.

"ಒಂದ್ ಮಾತ ಕೇಳ್ತೀನಿ, ತಪ್ಪ ತಿಳ್ಕೋಬ್ಯಾಡ್ರಿ ಅಕ್ಕಾರ. ಇದನ್ನ ಹೊಲದವರು ಯಾರ್ರಿ?"

ನಿಮ್ಮ ಮನೆಯದೇ ಅಲ್ಲವೇ ಎಂದು ಅತ್ತೆ ಕೇಳಿದರು.

"ಅಲ್ರಿ ಅವ್ವಾರ. ನಮ್ಮ ಮನ್ಯಾಗ ಯಾರೂ ಎಡಚರಿಲ್ಲ. ಇದು ಎಡಗೈ ಗಂಟು, ದಾರ ಆ ಕಡಿಂದ ಬಂದದ ನೋಡ್ರಿ. ಸಾಹುಕಾರ್ರು ಶಹಾಪುರದಾಗ ಬ್ಯಾರೆ ಯಾರಿಗರ ಕೆಲಸ ಕೊಟ್ಟಾರೇನು? ಕೊಟ್ಟಿದ್ರ ಹೇಳಿಬಿಡ್ರಿ. ಇದ ಬಂದಾಗಿಂದ ನನಗ ಕೂಳ ಸೇರವಲ್ದು."

ಆಕೆಯ ದನಿ ಮೆತ್ತಗಿತ್ತು, ಕಣ್ಣು ಮೆತ್ತಗಿರಲಿಲ್ಲ. ಹೆಸರು ಗೊತ್ತಿಲ್ಲದ ಯಾವಳೋ ಒಬ್ಬಳ ಮೇಲೆ ಆಕೆ ಇಷ್ಟು ದಿನ ಉರಿದಿದ್ದಳು. ಆ ಉರಿ ಹೇಗಿರುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ಕ್ಷಣ ನನಗೆ ಖುಷಿಯೇ ಆಯಿತು, ಸುಳ್ಳು ಹೇಳುವುದಿಲ್ಲ. ಮರುಕ್ಷಣವೇ ಬೇರೊಂದು ಹೊಳೆದು ಆ ಖುಷಿ ಹುಳಿಯಾಯಿತು. ನನ್ನ ಕೈಯನ್ನು ಗುರುತಿಸಿದವಳು ಈಕೆ, ಗುರುತಿಸಬೇಕಾದವರಲ್ಲ.

"ನಾನ ಹೊಲದೀನಿ" ಎಂದೆ.

ಅತ್ತೆ ನನ್ನ ಕಡೆ ತಿರುಗಿದರು. ಆಕೆ ಪುಸ್ತಕವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ನಿಮಗ್ಯಾಕ ಬೇಕಾಗಿತ್ರಿ ಇದು?"

"ಸುಮ್ನ. ಬ್ಯಾಸರಾಗಿತ್ತು."

"ನಾವು ಬ್ಯಾಸರಕ್ಕ ಹೊಲ್ಯಾಕತ್ತಿಲ್ರಿ" ಎಂದಳು. ಅಷ್ಟು ಹೇಳಿ ತಂಗಿಯರ ಕಡೆ ಹೋಗಿ ಕೂತು ದಬ್ಬಣ ಕೈಗೆ ತೆಗೆದುಕೊಂಡಳು. ಪುಸ್ತಕವನ್ನು ವಾಪಸು ಕೊಡಲಿಲ್ಲ, ನಾನೂ ಕೇಳಲಿಲ್ಲ.

ಬಸ್ಸಿನಲ್ಲಿ ಅತ್ತೆ ಶಹಾಪುರದವರೆಗೆ ಕಿಟಕಿಯ ಹೊರಗೇ ನೋಡುತ್ತಿದ್ದರು. ಬೈಗುಳ ಬರುತ್ತದೆಂದು ಕಾದು ಕೂತಿದ್ದೆ. ಶಹಾಪುರದಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಅವರು ಸೆರಗು ಸರಿಮಾಡಿಕೊಳ್ಳುತ್ತ, ನೀನು ಹೊಲಿದದ್ದು ಆಕೆಯದಕ್ಕಿಂತ ಬಿಗಿಯಾಗಿತ್ತು ಎಂದರು. ಅತ್ತೆಯ ಬಾಯಿಂದ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು. ಮನೆಯ ಸೊಸೆಯನ್ನು ಒಬ್ಬ ಹೊರಗಿನವಳು ಮಾತಿನಲ್ಲಿ ಕಟ್ಟಿಹಾಕಿದ್ದು ಅವರಿಗೂ ಹಿಡಿಸಿರಲಿಲ್ಲ.

ಯಜಮಾನರು ಜ್ವರ ಇಳಿದು ಗೋಡೆಗೆ ಒರಗಿ ಕೂತಿದ್ದರು. ಮಾದರಿ ಪುಸ್ತಕ ನಾನು ಹೊಲಿದದ್ದು ಎಂದು ಹೇಳಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನನಗ ಗೊತ್ತಾಗಲಿಲ್ಲ" ಎಂದರು.

"ಅಕಿಗೆ ಗೊತ್ತಾತು" ಎಂದೆ.

ಅವರು ಕಂಬಳಿಯ ದಾರ ಕೀಳುತ್ತ ಕೂತರು. ಹೊಲಿಗೆಯನ್ನು ಮನೆಗೆ ವಾಪಸು ತರಿಸಿ ಎಂದು ಕೇಳುವುದು ನನಗೆ ಸಾಧ್ಯವಿತ್ತು, ಬಹುಶಃ ಅವರು ಒಪ್ಪಿಯೂ ಬಿಡುತ್ತಿದ್ದರು. ಆದರೆ ಆಕೆ ಹೇಳಿದ ಮಾತು ಕಿವಿಯಲ್ಲಿತ್ತು. ಆ ಮನೆಯ ಒಲೆ ಉರಿಯುವುದು ಈ ಹೊಲಿಗೆಯಿಂದ. ನಾನು ಸುಮ್ಮನಾದೆ. ಸುಮ್ಮನಾದೆನೇ ಹೊರತು ಆಕೆಯ ಮೇಲಿನ ಕಿಚ್ಚು ಆರಲಿಲ್ಲ. ಬೈಯಲು ಆಗದವರ ಮೇಲೆ ಬರುವ ಹೊಟ್ಟೆಕಿಚ್ಚು ಇನ್ನೂ ಕೆಟ್ಟದ್ದು.

ಮುಂದೆ ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಗಳ ಕಾಗದಪತ್ರಗಳೆಲ್ಲ ಹೊಸದಾಗಿ ಬೇಕಾದವು. ದೊಡ್ಡ ಲಕೋಟೆ, ಸಣ್ಣ ಲಕೋಟೆ, ಕಡತಕ್ಕೆ ಕಟ್ಟುವ ರಟ್ಟು. ಲಕೋಟೆಯ ಬೇಡಿಕೆ ಅಂಗಡಿಗೆ ಬಂದ ದಿನ ಯಜಮಾನರು ಊಟಕ್ಕೆ ಕೂತಾಗ, ಇದನ್ನೂ ಸುರಪುರಕ್ಕೆ ಕಳಿಸೋಣ ಎಂದುಕೊಂಡಿದ್ದೇನೆ ಎಂದರು. ನಾನು ಬಡಿಸುತ್ತಿದ್ದ ಸೌಟನ್ನು ಕೆಳಗಿಟ್ಟೆ.

"ಲಕೋಟಿ ಕೆಲಸ ನನಗ ಕೊಡ್ರಿ. ಮನಿಯಾಕಿ ಅಂತ ಅಲ್ಲ. ಅಕಿಗೆ ಹೆಂಗ ಕೊಡ್ತೀರಿ ಹಂಗ ಕೊಡ್ರಿ. ಕೂಲಿ ಅಷ್ಟ, ತಪಾಸಣಿನೂ ಅಷ್ಟ."

ಅವರು ತಾಯಿಯ ಕಡೆ ನೋಡಿದರು. ಬೇಡ ಎನ್ನುತ್ತಾರೆಂದು ನಾನೂ ನೋಡಿದೆ. ಅತ್ತೆ ರೊಟ್ಟಿ ಮುರಿಯುತ್ತ, ದೋರನಹಳ್ಳಿಯ ನಮ್ಮ ತವರುಮನೆಯ ಪಡಸಾಲೆ ಖಾಲಿ ಬಿದ್ದಿದೆ, ಅಲ್ಲಿ ಮಾಡಿದರೆ ಯಾದಗಿರಿಯ ಮಂದಿಯ ಕಣ್ಣಿಗೆ ಬೀಳುವುದಿಲ್ಲ ಎಂದರು.

ಹೀಗೆ ನಾನು ನನ್ನ ಗಂಡನ ಅಂಗಡಿಗೆ ಹೊರಗಿನವಳಾಗಿ ಕೆಲಸ ಮಾಡತೊಡಗಿದೆ. ವಾರಕ್ಕೆರಡು ಸಲ ಅತ್ತೆ, ನಾನು ದೋರನಹಳ್ಳಿಗೆ ಹೋಗುತ್ತಿದ್ದೆವು. ಹೊಲದಲ್ಲಿ ಕೆಲಸವಿಲ್ಲದ ದಿನಗಳಲ್ಲಿ ಕುರಿ ಸಾಕುವ ಮನೆಗಳ ಹೆಂಗಸರು ಬಂದು ಕೂಡುತ್ತಿದ್ದರು. ಕಾಗದವನ್ನು ತಗಡಿನ ಅಚ್ಚಿನ ಮೇಲಿಟ್ಟು ಮಡಿಚುವುದು, ಹಿಟ್ಟು ಕುದಿಸಿ, ಹುಳ ಹಿಡಿಯದಂತೆ ಮೈಲುತುತ್ತ ಹಾಕಿ ಮಾಡಿದ ಅಂಟು ಸವರುವುದು, ನೆರಳಲ್ಲಿ ಒಣಗಿಸುವುದು. ಅಂಟಿನ ಹದ ನೋಡುವುದು ಅತ್ತೆಯ ಕೆಲಸ. ಅವರ ಹದ ತಪ್ಪಿದರೂ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಮೊದಲ ಕಟ್ಟನ್ನು ಯಜಮಾನರು ವಾಪಸು ಮಾಡಿದರು. ಅಂಟು ಒಳಗೆ ಹರಿದು ಲಕೋಟೆಗಳ ಹೊಟ್ಟೆ ಅಂಟಿಕೊಂಡಿತ್ತು. ಸುರಪುರದವಳಿಗೆ ಹೇಳುವಂತೆಯೇ, ನಿಂತುಕೊಂಡು, ಒಂದೊಂದನ್ನೇ ಬಿಡಿಸಿ ತೋರಿಸಿದರು. ನನಗೆ ಅಳು ಬರುವಷ್ಟು ಸಿಟ್ಟು. ತಪ್ಪು ಹಿಟ್ಟಿನದೆಂದು ನಾನು, ಕೈಯದೆಂದು ಅವರು. ಆ ಜಗಳ ಇಡೀ ಮಧ್ಯಾಹ್ನ ನಡೆಯಿತು. ನಡುವೆ ಅವರು, ಹೈದರಾಬಾದಿನಲ್ಲಿ ಉಸ್ತಾದ ಅಂಟಿಗೆ ಏನು ಹಾಕುತ್ತಿದ್ದ ಎಂದು ಹೇಳತೊಡಗಿದರು. ನಾನು ಎದುರಿಗೆ ಕೂತು ಕೇಳಿದೆ. ಯಂತ್ರ ನಿಂತೇ ಇತ್ತು.

ಸುದ್ದಿ ಸುರಪುರಕ್ಕೆ ಮುಟ್ಟದೆ ಇರುತ್ತದೆಯೇ. ಮುಂದಿನ ಸಲ ಯಜಮಾನರು ಹೋದಾಗ ಆಕೆ ತನಗೂ ಲಕೋಟೆ ಬೇಕೆಂದು ಕೇಳಿದಳಂತೆ. ಹೊಲಿಗೆ ತಂಗಿಯರು ನೋಡಿಕೊಳ್ಳುತ್ತಾರೆ, ನನ್ನ ಕೈ ಖಾಲಿ ಇದೆ ಎಂದಳಂತೆ. ಯಜಮಾನರು ಉದ್ದನೆಯ ಲಕೋಟೆಗಳನ್ನು ಆಕೆಗೆ ಕೊಟ್ಟು ಬಂದರು. ನಾನು ಎರಡು ದಿನ ಅವರೊಡನೆ ಮಾತು ಬಿಟ್ಟೆ. ಆಮೇಲೆ ಆಕೆಯ ಕಟ್ಟು ಬಂತು. ಅವರು ಬಿಚ್ಚುವ ಮೊದಲೇ ನಾನು ಬಿಚ್ಚಿ ನೋಡಿದೆ. ಒಂದೂ ಅಂಟಿಕೊಂಡಿರಲಿಲ್ಲ.

ಅದಾದ ಮೇಲೆ ವರ್ಷಗಟ್ಟಲೆ ಹೀಗೇ ನಡೆಯಿತು. ಆಕೆಯ ಕಟ್ಟು ಬಂದರೆ ನಾನು ನೋಡುತ್ತಿದ್ದೆ. ನನ್ನ ಲಕೋಟೆ ಒಂದನ್ನು ತೋರಿಸಿರೆಂದು ಆಕೆ ಯಜಮಾನರನ್ನು ಕೇಳುತ್ತಿದ್ದಳಂತೆ. ಆಕೆ ಲಕೋಟೆಯ ಅಂಟಿಸುವ ಅಂಚನ್ನು ಕಿರಿದು ಮಾಡಿದರೆ ನಾನೂ ಮಾಡಿದೆ. ನಾನು ಮೂಲೆಗಳನ್ನು ದುಂಡಗೆ ಕತ್ತರಿಸಿದರೆ ತಿಂಗಳೊಳಗೆ ಆಕೆಯದೂ ದುಂಡಗಾಯಿತು. ನಮ್ಮಿಬ್ಬರ ಈ ಪೈಪೋಟಿಯಿಂದ ಅಂಗಡಿಗೆ ಒಳ್ಳೆಯ ಹೆಸರು ಬಂತು. ಯಜಮಾನರು ಅದು ತಮ್ಮ ತಪಾಸಣೆಯಿಂದ ಬಂತೆಂದು ತಿಳಿದಿದ್ದರು. ತಿಳಿದುಕೊಳ್ಳಲಿ ಎಂದು ಬಿಟ್ಟೆ.

ಆಕೆಯನ್ನು ನಾನು ಇನ್ನೊಮ್ಮೆ ನೋಡಿದ್ದು ಶಹಾಪುರದ ಬಸ್ ನಿಲ್ದಾಣದಲ್ಲಿ. ನಾನು ಸಾಹೇಬರ ಮನೆಗೆ ರಟ್ಟಿನ ವಿಷಯ ಮಾತಾಡಲು ಬಂದಿದ್ದೆ, ಆಕೆ ಯಾದಗಿರಿಗೆ ಕಟ್ಟು ಹಾಕಿಸಲು ಬಂದಿದ್ದಳು. ಬೇವಿನ ಗಿಡದ ಕೆಳಗೆ ಒಂದೇ ಕಲ್ಲಿನ ಮೇಲೆ ಕೂತೆವು. ಕೂದಲು ಇಬ್ಬರದೂ ಅಲ್ಲಲ್ಲಿ ಬೆಳ್ಳಗಾಗಿತ್ತು. ಅತ್ತೆ ಆರಾಮ ಇದ್ದಾರೇನು ಎಂದು ಆಕೆ ಕೇಳಿದಳು, ತಂಗಿಯರ ಮದುವೆ ಆಯಿತೇ ಎಂದು ನಾನು ಕೇಳಿದೆ. ಇಬ್ಬರಿಗೂ ಬೇಕಾಗಿದ್ದ ಮಾತು ಅದಲ್ಲ. ಕೊನೆಗೆ ನನ್ನ ಚೀಲದಿಂದ ಇಣುಕುತ್ತಿದ್ದ ಲಕೋಟೆಯೊಂದನ್ನು ಆಕೆ ಎಳೆದುಕೊಂಡಳು. ಬೆಳಕಿಗೆ ಹಿಡಿದು, ಅಂಟಿನ ಅಂಚಿನ ಮೇಲೆ ಉಗುರು ಎಳೆದು, ವಾಪಸು ಕೊಟ್ಟಳು. ನಾನೂ ಆಕೆಯ ಕಟ್ಟಿನಿಂದ ಒಂದನ್ನು ತೆಗೆದೆ. ಬಾಯಿಯ ಮಡಿಕೆ ನೂಲು ಹಿಡಿದಂತೆ ನೆಟ್ಟಗಿತ್ತು.

"ಚಲೋ ಬಂದದ" ಎಂದೆ.

"ನಿಮ್ದೂ ಚಲೋ ಅದ ಬಿಡ್ರಿ" ಎಂದಳು.

ಅಷ್ಟರಲ್ಲಿ ಯಾದಗಿರಿ ಬಸ್ಸು ಬಂತು. ಆಕೆಯ ಕಟ್ಟು ಮೇಲೆ ಹೋಯಿತು, ನಾನು ಒಳಗೆ ಹತ್ತಿದೆ. ದೋರನಹಳ್ಳಿ ಬಂದಾಗ ಇಳಿಯಬೇಕಿರಲಿಲ್ಲ, ಆದರೂ ಇಳಿದೆ. ಹೆಂಗಸರು ಕೆಲಸ ಮುಗಿಸಿ ಅಂಟಿನ ಪಾತ್ರೆ ತೊಳೆಯುತ್ತಿದ್ದರು. ಅವರನ್ನು ಮತ್ತೆ ಕೂಡಿಸಿ, ಒಣಗಲು ಇಟ್ಟಿದ್ದ ಲಕೋಟೆಗಳನ್ನೆಲ್ಲ ತರಿಸಿ, ಮಡಿಕೆ ಸೊಟ್ಟಗಿದ್ದದ್ದನ್ನೆಲ್ಲ ಬೇರೆ ತೆಗೆಯಲು ಕೂತೆ.